ಚರ್ಚ್ ಕಾರ್ಯಕ್ರಮ, ಸಿನಿಮಾ ಹಾಡು, ಮಕ್ಕಳ ಡಾನ್ಸು: ನಾವು ಅಳೆಯಬೇಕಾದ್ದು ಬಟ್ಟೆಯನ್ನೋ, ನೋಟವನ್ನೋ?

ಭಾನುವಾರ ಶಾಲೆ ಟೀಚರ್, ಉಡುಪಿ

ಎಲ್ಲರಿಗೂ ವಂದನೆ. ಕ್ರಿಸ್ಮಸ್ ಕಾರ್ಯಕ್ರಮದ ಪ್ರಾಕ್ಟೀಸ್ ಶುರುವಾಗಿದೆ, ಜೊತೆಗೇ ತಕರಾರೂ ಶುರುವಾಗಿದೆ. ನಾಲ್ಕನೇ, ಐದನೇ ಕ್ಲಾಸಿನ ಹೆಣ್ಣುಮಕ್ಕಳು ಒಂದು ಸಿನಿಮಾದ ಐಟಂ ಹಾಡಿಗೆ ಡಾನ್ಸ್ ಕಲಿತುಕೊಂಡು ಬಂದಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಫೋನ್ ನೋಡಿ ತಾವೇ ಕಲಿತದ್ದು. ತುಟಿ ಕಚ್ಚುವುದು, ಬಗ್ಗಿ ತಿರುಗಿ ನೋಡುವುದು, ಕಣ್ಣು ಹೊಡೆಯುವುದು, ಒಂದನ್ನೂ ಬಿಟ್ಟಿಲ್ಲ. ಆ ಮಕ್ಕಳಿಗೆ ಅದು ಏನೆಂದೇ ಗೊತ್ತಿಲ್ಲ, ಸ್ಟೆಪ್ ಸರಿಯಾಗಿ ಬಂತಲ್ಲ ಅಂತ ಖುಷಿ ಅಷ್ಟೇ.

ಕಮಿಟಿಯಲ್ಲಿ ಮಾತು ಬಂತು. ಬಂದದ್ದು ಲಂಗದ ಬಗ್ಗೆ. ಮೊಣಕಾಲಿನಿಂದ ಕೆಳಗೆ ಇರಬೇಕು, ಒಳಗೆ ಲೆಗ್ಗಿಂಗ್ಸ್ ಹಾಕಲಿ, ತೋಳಿಲ್ಲದ ರವಿಕೆ ಬೇಡ. ಇಷ್ಟಾದರೆ ಡಾನ್ಸ್ ಓಕೆ. ಆ ಹಾಡಿನ ಸಾಲು ಹೆಣ್ಣನ್ನು ತಿನ್ನುವ ಪದಾರ್ಥದ ಹಾಗೆ ಕರೆಯುತ್ತದೆ ಎಂಬುದನ್ನು ಯಾರೂ ಎತ್ತಲಿಲ್ಲ. ಹೋದ ವರ್ಷ ಇಂಥದ್ದೇ ಹಾಡಿಗೆ ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು, ಹತ್ತಾರು ಫೋನ್ ಮೇಲೆದ್ದವು, ವಿಡಿಯೊ ಮರುದಿನ ಎಲ್ಲೆಲ್ಲೋ ಓಡಾಡಿತು. ಅದನ್ನೂ ಯಾರೂ ಎತ್ತಲಿಲ್ಲ. ಲೆಗ್ಗಿಂಗ್ಸ್ ಹಾಕಿದರೆ ಹಾಡು ಬದಲಾಗುತ್ತದಾ?

ಇದು ನಮ್ಮ ಚರ್ಚ್ ಸಭೆಯೊಂದರ ಸಮಸ್ಯೆಯಲ್ಲ. 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಖಾಸಗಿ ಚಾನೆಲ್‌ಗಳಿಗೆ ಸಲಹೆ ಕಳಿಸಬೇಕಾಯಿತು: ಡಾನ್ಸ್ ರಿಯಾಲಿಟಿ ಶೋಗಳಲ್ಲಿ ಸಿನಿಮಾದ ದೊಡ್ಡವರ ಸ್ಟೆಪ್‌ಗಳನ್ನು ಮಕ್ಕಳಿಂದ ಹಾಕಿಸುವುದು ಆ ವಯಸ್ಸಿಗೆ ತಕ್ಕದ್ದಲ್ಲ, ಅವರನ್ನು ಕೀಳಾಗಿ ತೋರಿಸಬೇಡಿ ಎಂದು. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು, ಗಂಡು ಹೆಣ್ಣಾಗಿ ಉಂಟುಮಾಡಿದನು ಎಂದು ಆದಿಕಾಂಡ 1:27ನ್ನು ಅದೇ ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ನಾನು. ಸರ್ಕಾರಕ್ಕೆ ಕಂಡದ್ದು ನಮ್ಮ ಕಮಿಟಿಗೆ ಕಾಣದಿದ್ದರೆ ಬೇಸರವಾಗುತ್ತದೆ. ನಿಮ್ಮ ಸಭೆಗಳಲ್ಲಿ ಹೇಗೆ ಮಾಡುತ್ತೀರಿ? ಸಿನಿಮಾ, ಸೀರಿಯಲ್, ರೀಲ್ಸ್ ನೋಡುವಾಗ ಯಾವುದನ್ನು ಕೇಳಿಕೊಳ್ಳುತ್ತೀರಿ?

ಹಳೇ ಕ್ವಾಯರ್, ಬೆಂಗಳೂರು

ಟೀಚರಮ್ಮ, ನಿಮ್ಮ ಕಳಕಳಿ ಒಪ್ಪುತ್ತೇನೆ. ಆದರೆ ಬಟ್ಟೆಯ ಮಾತನ್ನು ಅಷ್ಟು ಹಗುರ ಮಾಡಬೇಡಿ. 1 ತಿಮೊಥೆಯ 2:9ರಲ್ಲಿ ಪೌಲನು ಸ್ತ್ರೀಯರು ಮರ್ಯಾದೆಗೆ ತಕ್ಕ ಉಡುಪು ಉಟ್ಟುಕೊಳ್ಳಲಿ ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ದೇವರೇ ಆದಾಮ ಹವ್ವರಿಗೆ ಚರ್ಮದ ಅಂಗಿ ಮಾಡಿ ತೊಡಿಸಿದನು. ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಗೆರೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಈಗ ಓಟಿಟಿಯಲ್ಲಿ ನೋಡುತ್ತಿದ್ದೇವೆ. 2024ರ ಮಾರ್ಚ್‌ನಲ್ಲಿ ಅಶ್ಲೀಲತೆಗಾಗಿಯೇ 18 ಓಟಿಟಿಗಳನ್ನು ಸರ್ಕಾರ ಬಂದ್ ಮಾಡಿಸಿತು. ಅಮೆರಿಕದಲ್ಲಿ ಒಂದು ಕಾಲಕ್ಕೆ ಕ್ರೈಸ್ತರೇ ಮುಂದೆ ನಿಂತು ಹಾಲಿವುಡ್‌ಗೆ ಕಟ್ಟುನಿಟ್ಟಿನ ನಿಯಮ ತಂದಿದ್ದರು. ಆಗಿನ ಚಿತ್ರಗಳನ್ನು ಇಡೀ ಮನೆ ಒಟ್ಟಿಗೆ ಕೂತು ನೋಡಬಹುದಿತ್ತು. ನಮಗೂ ಅಂಥದ್ದು ಬೇಕು ಎಂದೇ ನನ್ನ ಅಭಿಪ್ರಾಯ.

ಕರಾವಳಿ ಕಥೊಲಿಕ

ಅಂಕಲ್, ಆ ನಿಯಮಗಳ ಕಥೆ ಸ್ವಲ್ಪ ಬಿಡಿಸಿ ನೋಡಬೇಕು ಮಾರಾಯ್ರೆ, ಯಾಕೆಂದರೆ ಅದರಲ್ಲಿ ಟೀಚರ್ ಪ್ರಶ್ನೆಗೆ ಉತ್ತರವೇ ಇದೆ. ಹೇಸ್ ಕೋಡ್ ಎಂದು ಹೆಸರಾದ ಆ ನಿಯಮಾವಳಿಯನ್ನು 1930ರಲ್ಲಿ ಬರೆದವರಲ್ಲಿ ಮುಖ್ಯರು ಡೇನಿಯಲ್ ಲಾರ್ಡ್ ಎಂಬ ಜೆಸ್ವಿಟ್ ಪಾದ್ರಿ ಮತ್ತು ಮಾರ್ಟಿನ್ ಕ್ವಿಗ್ಲಿ ಎಂಬ ಕಥೊಲಿಕ ಪತ್ರಿಕೋದ್ಯಮಿ. ನಾಲ್ಕು ವರ್ಷ ಅದು ಕಾಗದದ ಮೇಲಷ್ಟೇ ಇತ್ತು. 1934ರಲ್ಲಿ ಅಮೆರಿಕದ ಕಥೊಲಿಕರು ಚರ್ಚುಗಳಲ್ಲಿ ಎದ್ದು ನಿಂತು ಕೆಟ್ಟ ಚಿತ್ರ ನೋಡುವುದಿಲ್ಲ ಎಂದು ಪ್ರತಿಜ್ಞೆ ಮಾಡತೊಡಗಿದಾಗ ಸ್ಟುಡಿಯೋಗಳು ಬೆದರಿದವು, ಕೋಡ್ ಬಿಗಿಯಾಯಿತು. 1936ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಸಿನಿಮಾದ ಬಗ್ಗೆಯೇ ಒಂದು ವಿಶ್ವಪತ್ರ, ಅಂದರೆ ಇಡೀ ಕಥೊಲಿಕ ಸಭೆಗೆ ಉದ್ದೇಶಿಸಿದ ಪತ್ರ, ಬರೆದು ಆ ಚಳವಳಿಯನ್ನು ಹೊಗಳಿದರು. 1968ರಲ್ಲಿ ಕೋಡ್ ಹೋಗಿ ರೇಟಿಂಗ್ ಪದ್ಧತಿ ಬಂತು. ಇಷ್ಟರವರೆಗೆ ನೀವು ಹೇಳಿದ್ದು ಸರಿ.

ಆದರೆ ಅದೇ ಕೋಡ್‌ನಲ್ಲಿ ಇನ್ನೊಂದು ನಿಷೇಧವೂ ಇತ್ತು. ಬಿಳಿಯರೂ ಕರಿಯರೂ ಪ್ರೀತಿಸುವುದನ್ನು, ಕೂಡಿ ಬಾಳುವುದನ್ನು ತೋರಿಸಬಾರದು! ನಗ್ನತೆಯ ಪಕ್ಕದಲ್ಲೇ ಅದನ್ನೂ ಅಸಭ್ಯತೆಯ ಪಟ್ಟಿಗೆ ಸೇರಿಸಿದ್ದರು. ಮೈ ಪೂರ್ತಿ ಮುಚ್ಚಿದ ಆ ಚಿತ್ರಗಳಲ್ಲಿ ಕಪ್ಪು ಜನರು ಅಡುಗೆಯವರು, ಬಾಗಿಲು ತೆಗೆಯುವವರು, ನಗೆಪಾಟಲಾಗುವವರು. ದೇವರ ಸ್ವರೂಪದಲ್ಲಿ ಹುಟ್ಟಿದ ಮನುಷ್ಯನನ್ನು ಮೈತುಂಬ ಬಟ್ಟೆ ತೊಡಿಸಿಯೂ ಅವಮಾನಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಬಟ್ಟೆಯ ಗೆರೆ ಇರಲಿ, ನಾನು ಬೇಡ ಎನ್ನುವುದಿಲ್ಲ. ಅದೊಂದನ್ನೇ ಕಾದುಕೊಂಡು ಕೂತವರ ಕಣ್ಣಿಗೆ ಮನುಷ್ಯನೇ ಬೀಳಲಿಲ್ಲವಲ್ಲ, ಅದು ನನ್ನ ತಕರಾರು.

ತಿಮೊಥೆಯನಿಗೆ ಬರೆದ ಆ ವಚನವನ್ನೂ ಪೂರ್ತಿ ಓದಿ. ಪೌಲ ಹೆಸರಿಟ್ಟು ಬೇಡ ಎಂದದ್ದು ಜಡೆ ಶೃಂಗಾರ, ಚಿನ್ನ, ಮುತ್ತು, ಬೆಲೆಬಾಳುವ ವಸ್ತ್ರ. ನಮ್ಮ ಮದುವೆಗಳಲ್ಲಿ ಹೊರುವ ಚಿನ್ನದ ಬಗ್ಗೆ ಯಾವ ಕಮಿಟಿಯೂ ಟೇಪು ಹಿಡಿದದ್ದು ನಾನು ಕಂಡಿಲ್ಲ.

ಕಾಸ್ಟ್ಯೂಮ್ ವಿಭಾಗ

ಸಿನಿಮಾದಲ್ಲಿ ಕೆಲಸ ಮಾಡುವವಳು, ಭಾನುವಾರ ಶೂಟಿಂಗ್ ಇಲ್ಲದಿದ್ದರೆ ಆರಾಧನೆಗೂ ಹೋಗುವವಳು. ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರೂ ಪರದೆ ಮೇಲೆ ಕಾಣುವುದನ್ನೇ ಮಾತಾಡುತ್ತಿದ್ದೀರಿ.

ಒಂದು ಮಳೆ ಹಾಡು ತಗೊಳ್ಳಿ. ರಾತ್ರಿ ಶೂಟಿಂಗ್, ಟ್ಯಾಂಕರ್ ನೀರು, ಮೈ ಕೊರೆಯುವ ಚಳಿ. ಹೀರೋಗೆ ಜಾಕೆಟ್ ಇರುತ್ತದೆ. ಹೆಣ್ಣುಮಗಳಿಗೆ ಶಿಫಾನ್ ಸೀರೆ, ಒಳಗೆ ನಾವು ಹೊಲಿದುಕೊಟ್ಟ ಮೈಬಣ್ಣದ ಲೈನಿಂಗ್. ಎಲ್ಲೆಲ್ಲಿ ಜಾರಬಾರದೋ ಅಲ್ಲೆಲ್ಲ ಪಿನ್ನು, ಎರಡು ಕಡೆ ಅಂಟುವ ಟೇಪು. ನಾನು ಟವೆಲ್ ಹಿಡಿದು ಮಾನಿಟರ್ ಪಕ್ಕ ನಿಂತಿರುತ್ತೇನೆ, ಕಟ್ ಅಂದ ತಕ್ಷಣ ಓಡಿಹೋಗಿ ಹೊದಿಸಬೇಕು. ಆ ಓಟದಲ್ಲಿ ಒಂದು ಕ್ಷಣ ತಡವಾದರೂ ಆಕೆ ಎರಡೂ ಕೈ ಎದೆಗೆ ಅಡ್ಡ ಇಟ್ಟುಕೊಂಡು ಕುಗ್ಗಿ ನಿಲ್ಲುತ್ತಾಳೆ. ಲೈಟ್ ಎತ್ತುವವರು, ಟ್ರಾಲಿ ತಳ್ಳುವವರು ಎಲ್ಲ ಅಲ್ಲೇ. ಕೆಲವರು ಮುಖ ತಿರುಗಿಸುತ್ತಾರೆ. ಮುಖ ತಿರುಗಿಸುವವರನ್ನು ನಾನು ಮನಸ್ಸಿನಲ್ಲೇ ಹರಸುತ್ತೇನೆ.

ನಾಯಕಿಗಾದರೆ ಕ್ಯಾರವಾನ್ ಇದೆ. ಹಿಂದೆ ಕುಣಿಯುವ ಹುಡುಗಿಯರಿಗೆ? ಔಟ್‌ಡೋರ್‌ನಲ್ಲಿ ನಾವು ಇಬ್ಬರು ಸೀರೆ ಅಡ್ಡ ಹಿಡಿದು ನಿಂತರೆ ಅದೇ ಅವರ ಬಟ್ಟೆ ಬದಲಿಸುವ ಕೋಣೆ. ಮಲಯಾಳಂ ಸಿನಿಮಾದ ಹೆಣ್ಣುಮಕ್ಕಳ ಸ್ಥಿತಿ ವಿಚಾರಿಸಿದ ಕೇರಳದ ಹೇಮಾ ಕಮಿಟಿ ವರದಿ 2019ರಲ್ಲೇ ಸರ್ಕಾರದ ಕೈ ಸೇರಿ, ಹೊರಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಸೆಟ್ಟಿನಲ್ಲಿ ಶೌಚಾಲಯವಿಲ್ಲ ಎಂದು ಹೆಣ್ಣುಮಕ್ಕಳು ನೀರು ಕುಡಿಯದೆ ಇದ್ದು ಮೂತ್ರದ ಸೋಂಕು ಹತ್ತಿಸಿಕೊಳ್ಳುತ್ತಾರೆ ಎಂದು ಅದರಲ್ಲಿದೆ. ಓದಿ ನಮಗೆ ಯಾರಿಗೂ ಆಶ್ಚರ್ಯವಾಗಲಿಲ್ಲ. ಆಮೇಲೆ ಕನ್ನಡ ಚಿತ್ರರಂಗಕ್ಕೂ ಅಂಥ ಕಮಿಟಿ ಬೇಕು ಎಂದು ಇಲ್ಲಿನ ಸಿನಿಮಾದವರದ್ದೇ ಆದ ಫೈರ್ ಸಂಘಟನೆಯವರು ಮುಖ್ಯಮಂತ್ರಿಗೆ ಮನವಿ ಕೊಟ್ಟರು.

ಚರ್ಚಿನಲ್ಲಿ ಪ್ರಸಂಗ ಕೇಳುವಾಗ ಈ ಹುಡುಗಿಯರನ್ನು ಪ್ರಲೋಭನೆ ಅಂತಾರೆ. ಅವರಿಗೂ ಅಮ್ಮ ಇದ್ದಾಳೆ, ಬಾಡಿಗೆ ಕಟ್ಟಬೇಕು. ಅವರು ದೇವರ ಸ್ವರೂಪ ಅಲ್ಲವಾ? ಸಭ್ಯತೆ ಬೇಕು ಎನ್ನುವವರು ಚಿತ್ರ ನೋಡಿ ಮುಗಿದ ಮೇಲೆ ಹೇಳಬೇಡಿ. ಆಕೆಗೆ ಬಟ್ಟೆ ಬದಲಿಸಲು ಒಂದು ಬಾಗಿಲಿರುವ ಕೋಣೆ ಕೇಳಿ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯಾವ ದೃಶ್ಯ ಎಂದು ತಿಳಿಸುವ ಪದ್ಧತಿ ಕೇಳಿ. 2018ರಿಂದ ಅಮೆರಿಕದ ಎಚ್‌ಬಿಒ ಚಾನೆಲ್ ಸರಸದ ದೃಶ್ಯಗಳಿಗೆಂದೇ ಒಬ್ಬ ಸಂಯೋಜಕರನ್ನು ಸೆಟ್ಟಿನಲ್ಲಿ ಇಡುತ್ತಿದೆ. ಅದು ಚರ್ಚ್ ಹೇಳಿ ಆದದ್ದಲ್ಲ. ನಾವು ಮೊದಲು ಹೇಳಬೇಕಿತ್ತು.

ಹುಬ್ಬಳ್ಳಿ ವಿಶ್ವಾಸಿ

ಕರ್ತನ ನಾಮದಲ್ಲಿ ವಂದನೆ. ಸಿಸ್ಟರ್ ಬರದದ್ದು ಓದಿ ಮನಸ್ಸಿಗೆ ಭಾಳ ನೋವಾತು. ನನ್ನ ಮಾತು ಸರಳ ಐತ್ರಿ: ಹಂಗಿದ್ರ ನೋಡೂದ ಬ್ಯಾಡ. ನಮ್ಮ ಮನ್ಯಾಗ ಟಿವಿ ಇಲ್ಲ. ಕನ್ಯೆಯನ್ನು ಕಣ್ಣೆತ್ತಿ ನೋಡಬಾರದು ಅಂತ ಯೋಬನು ತನ್ನ ಕಣ್ಣಿನ ಕೂಡ ಒಡಂಬಡಿಕಿ ಮಾಡಿಕೊಂಡಿದ್ದ, ಯೋಬ 31:1. ಯೇಸುಸ್ವಾಮಿ ಮತ್ತಾಯ 5ರಾಗ ಏನಂದ? ನಿನ್ನ ಕಣ್ಣು ನಿನ್ನನ್ನು ಪಾಪಕ್ಕ ಸಿಕ್ಕಿಸಿದ್ರ ಕಿತ್ತು ಬಿಸಾಕು ಅಂದ. ಹೆಣ್ಮಕ್ಕಳಿಗೆ ಬುರ್ಕಾ ಹಾಕ್ಕೋರಿ ಅನ್ನಲಿಲ್ಲ, ಗಂಡಸಿನ ಕಣ್ಣಿಗೆ ಹೇಳಿದ. ನಾವು ದುಡ್ಡು ಕೊಟ್ಟು ಟಿಕೆಟ್ ತಗೊಂಡ್ರ ಆ ಚಳ್ಯಾಗ ಆ ಹೆಣ್ಮಗಳನ್ನ ನಿಲ್ಲಿಸಿದವರೊಳಗ ನಾವೂ ಒಬ್ಬರು. ಟಿಕೆಟ್ ತಗೋಳೂದು ಬಿಟ್ರ ಅವರು ತಾವ ನಿಲ್ಲಸ್ತಾರ.

ಕರಾವಳಿ ಕಥೊಲಿಕ

ಬ್ರದರ್, ಟಿಕೆಟ್ ತೆಗೆದುಕೊಳ್ಳುವವನದ್ದೂ ಪಾಲಿದೆ ಎಂದಿರಲ್ಲ, ಅದನ್ನು 1,600 ವರ್ಷದ ಹಿಂದೆ ಅಂತಿಯೋಕ್ಯದಲ್ಲಿ ಒಬ್ಬ ಪ್ರಸಂಗಿ ಹೆಚ್ಚುಕಡಿಮೆ ಹೀಗೇ ಹೇಳಿದ್ದಾನೆ. ಸಂತ ಜಾನ್ ಕ್ರಿಸೊಸ್ಟಮ್. ಆಗ ಊರ ನಾಟಕಶಾಲೆಯಲ್ಲಿ ಹೆಂಗಸರನ್ನು ಬೆತ್ತಲೆ ಮಾಡಿ ಆಡಿಸುತ್ತಿದ್ದರು, ಕ್ರೈಸ್ತರೂ ಹೋಗಿ ನೋಡುತ್ತಿದ್ದರು. ಮತ್ತಾಯನ ಸುವಾರ್ತೆಯ ಮೇಲಿನ ಆರನೇ ಪ್ರಸಂಗದಲ್ಲಿ ಅವನು ಕೇಳುವುದರ ಸಾರ ಇದು: ಸಂತೆಬೀದಿಯಲ್ಲಿ ಒಬ್ಬ ಹೆಂಗಸನ್ನು ಬೆತ್ತಲೆ ಮಾಡಿದರೆ ನೀನು ಅನ್ಯಾಯ ಎನ್ನುತ್ತೀ, ನಾಟಕಶಾಲೆಗೆ ಹೋಗಿ ಅದನ್ನೇ ಕೂತು ನೋಡುತ್ತೀಯಲ್ಲ? ಅವಳು ವೇಶ್ಯೆ ಬಿಡಿ ಎಂದು ಹೇಳಬೇಡ. ವೇಶ್ಯೆಯಾಗಲಿ, ಗೌರವಸ್ಥ ಮನೆಯವಳಾಗಲಿ, ಇಬ್ಬರದ್ದೂ ಒಂದೇ ಸ್ವಭಾವ, ಒಂದೇ ಬಗೆಯ ದೇಹ.

ಅವನ ಕಾಲಕ್ಕೆ ನಾಟಕದ ಹೆಂಗಸರೆಂದರೆ ಕಾನೂನಿನಲ್ಲೇ ಕೀಳು. ಅಂಥವಳ ಮೈಯನ್ನು ಕುಲೀನ ಹೆಂಗಸಿನ ಮೈಗೆ ಸಮ ಎಂದು ಪೀಠದಿಂದ ಹೇಳಿದನು. ಕ್ರಿಸೊಸ್ಟಮ್ ಕೆಲವು ಕಡೆ ಹೆಂಗಸರ ಬಗ್ಗೆ ಬಹಳ ಕಠಿಣವಾಗಿ ಮಾತಾಡಿದ್ದಾನೆ, ಅದನ್ನೆಲ್ಲ ನಾನು ಒಪ್ಪುವುದಿಲ್ಲ. ಈ ಮಾತನ್ನು ಮಾತ್ರ ನಮ್ಮ ಎಲ್ಲ ಯೂತ್ ಮೀಟಿಂಗ್‌ಗಳಲ್ಲಿ ಓದಿಸಬೇಕು.

ಆದರೆ ಟಿವಿ ಇಲ್ಲದಿದ್ದರೆ ಮುಗಿಯಿತು ಎನ್ನುವುದು ಕಷ್ಟ. ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯ ಆರನೇ ಪುಸ್ತಕದಲ್ಲಿ ಗೆಳೆಯ ಅಲಿಪಿಯುಸ್‌ನ ಕಥೆ ಬರೆದಿದ್ದಾನೆ. ಸ್ನೇಹಿತರು ಅವನನ್ನು ಎಳೆದುಕೊಂಡು ರಕ್ತ ಹರಿಸುವ ಗ್ಲಾಡಿಯೇಟರ್‌ಗಳ ಕಾದಾಟಕ್ಕೆ ಹೋದರು. ನೋಡುವುದೇ ಇಲ್ಲ ಎಂದು ಕಣ್ಣು ಮುಚ್ಚಿ ಕೂತ. ಒಬ್ಬ ಬಿದ್ದಾಗ ಜನ ಹೋ ಎಂದು ಕೂಗಿದರು, ಕಿವಿ ಮುಚ್ಚಿರಲಿಲ್ಲ, ಕಣ್ಣು ತೆರೆದ. ಆಮೇಲೆ ಅವನೇ ಬೇರೆಯವರನ್ನು ಕರೆದುಕೊಂಡು ಹೋಗುವಂತಾಯಿತು. ಈಗ ಆ ಕೂಗು ಜೇಬಿನಲ್ಲಿರುವ ಫೋನಿನಿಂದಲೇ ಬರುತ್ತದೆ. ಕಣ್ಣು ಮುಚ್ಚುವ ಜೊತೆಗೆ ಹೇಗೆ ನೋಡಬೇಕು ಎಂದೂ ಕಲಿಸಬೇಕು.

ಮಸ್ಕತ್ ನರ್ಸ್

ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ಊರು ಶಿವಮೊಗ್ಗ ಕಡೆ. ದಿನಾ ಮೈ ನೋಡುವ ಕೆಲಸ ನಮ್ಮದು. ಗಂಡಸರು, ಹೆಂಗಸರು, ಮುದುಕರು. ಸ್ಪಂಜ್ ಬಾತ್ ಕೊಡುವಾಗ ನಮಗೆ ಕಲಿಸಿದ್ದು: ಮೊದಲು ಕರ್ಟನ್ ಎಳಿ, ಯಾವ ಭಾಗ ತೊಳೆಯುತ್ತೀಯೋ ಅಷ್ಟನ್ನೇ ತೆರೆ, ಉಳಿದದ್ದು ಹೊದಿಸಿರಲಿ, ಕೆಲಸ ಮಾಡುತ್ತಾ ಅವರ ಜೊತೆ ಮಾತಾಡು. ಪ್ರಜ್ಞೆ ಇಲ್ಲದ ರೋಗಿಗೂ ಹಾಗೇ. ಬಟ್ಟೆ ಇಲ್ಲದ ಮೈ ಕೊಳಕಲ್ಲ, ನಾಚಿಕೆಗೇಡಲ್ಲ. ಆ ಮೈಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂಬುದನ್ನು ಮರೆತಾಗ ಮಾತ್ರ ಅದು ಅವಮಾನ. ಅದಕ್ಕೇ ಬಟ್ಟೆಯ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಇನ್ನೊಂದು. ಸಿನಿಮಾ ಕಾಮಿಡಿಯಲ್ಲಿ ನರ್ಸ್ ಬಂದರೆ ಏನಾಗುತ್ತದೆ ಎಲ್ಲರಿಗೂ ಗೊತ್ತು. ಬಿಗಿ ಯೂನಿಫಾರ್ಮ್, ಇಂಜೆಕ್ಷನ್ ಬಗ್ಗೆ ಡಬಲ್ ಮೀನಿಂಗ್. ಹಳೆಯ ಚಿತ್ರಗಳಲ್ಲಿ ಕ್ಯಾಬರೆ ಕುಣಿಯುವವಳಿಗೆ, ವಿಲನ್ ಪಕ್ಕ ಗ್ಲಾಸ್ ಹಿಡಿದು ಕೂರುವವಳಿಗೆ, ಗಿಡ್ಡ ಫ್ರಾಕಿನ ಸೆಕ್ರೆಟರಿಗೆ ಎಷ್ಟೋ ಸಲ ನಮ್ಮವರ ಹೆಸರು, ಕೊರಳಲ್ಲಿ ಶಿಲುಬೆ. ಬಸ್ಸಿನಲ್ಲಿ ಯಾರಾದರೂ ಹೆಸರು ಕೇಳಿ, ಓ ಕ್ರಿಶ್ಚಿಯನ್ನಾ ಎಂದು ನಗುವ ರೀತಿಯಲ್ಲೇ ಆ ಚಿತ್ರಗಳು ಗೊತ್ತಾಗುತ್ತಿದ್ದವು. ನನ್ನ ಅಮ್ಮನ ಕಾಲದಲ್ಲೂ ಇತ್ತು, ನನ್ನ ಟ್ರೇನಿಂಗ್ ಕಾಲದಲ್ಲೂ ಇತ್ತು. ಆ ಪಾತ್ರಗಳಿಗೆ ಲೆಗ್ಗಿಂಗ್ಸ್ ಹಾಕಿಸಿದ್ದರೂ ನಮಗೆ ಆದ ಅವಮಾನ ಕಡಿಮೆಯಾಗುತ್ತಿರಲಿಲ್ಲ. ಬೇರೆ ಸಮುದಾಯದವರನ್ನು ಹೀಗೆ ತೋರಿಸಿದಾಗಲೂ ನಾವು ನಗಬಾರದು ಎಂದು ಮಕ್ಕಳಿಗೆ ಕಲಿಸಬೇಕು.

ಹಾಸನದ ಓದುಗ

ನಾನು ಕ್ರೈಸ್ತನಲ್ಲ, ಚರ್ಚೆ ಚೆನ್ನಾಗಿದೆ ಎಂದು ಓದುತ್ತಿದ್ದೆ. ಒಂದು ಸಂದೇಹ. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಗೊಮ್ಮಟ ಸಾವಿರ ವರ್ಷದಿಂದ ದಿಗಂಬರನಾಗಿ ನಿಂತಿದ್ದಾನೆ. ಮಕ್ಕಳು ಮರಿ ಎಲ್ಲ ಕೈಮುಗಿಯುತ್ತೇವೆ, ಯಾರಿಗೂ ಕೆಟ್ಟದ್ದೆನಿಸಿಲ್ಲ. ನಿಮ್ಮ ಧರ್ಮದಲ್ಲಿ ಬತ್ತಲೆ ಮೈ ಎಂದರೇ ಪಾಪವೇ? ಹಾಗಿದ್ದರೆ ರೋಮಿನ ಚರ್ಚಿನ ಚಿತ್ರಗಳಲ್ಲಿ ಅಷ್ಟು ನಗ್ನ ದೇಹ ಯಾಕಿವೆ?

ಕರಾವಳಿ ಕಥೊಲಿಕ

ಸಾರ್, ಈ ಪ್ರಶ್ನೆಗೆ ನಮ್ಮವರೇ ಒಳಗೊಳಗೆ ಜಗಳವಾಡಿದ್ದಾರೆ. ಮೈಕೆಲೆಂಜೆಲೊ ಸಿಸ್ಟೀನ್ ಚಾಪೆಲ್‌ನ ಗೋಡೆಗೆ ಕಡೇ ನ್ಯಾಯತೀರ್ಪಿನ ಚಿತ್ರ ಬರೆದು ಮುಗಿಸಿದ್ದು 1541ರಲ್ಲಿ. ಸಂತರೂ ಪಾಪಿಗಳೂ ಬಹುಪಾಲು ಬತ್ತಲೆ. ಗಲಾಟೆಯಾಯಿತು. ಕಥೊಲಿಕ ಬಿಷಪರ ಟ್ರೆಂಟ್ ಮಹಾಸಭೆ ಮುಗಿದ ಮೇಲೆ, 1565ರ ಸುಮಾರಿಗೆ, ದಾನಿಯೆಲೆ ದಾ ವೊಲ್ತೆರಾ ಎಂಬ ಚಿತ್ರಕಾರನಿಂದ ಆ ದೇಹಗಳ ಮೇಲೆ ಬಟ್ಟೆ ಬರೆಸಿದರು. ಪಾಪ, ಒಳ್ಳೆಯ ಕಲಾವಿದ, ಮೈಕೆಲೆಂಜೆಲೊನ ಶಿಷ್ಯನಂತಿದ್ದವನು, ಜನರ ಬಾಯಲ್ಲಿ ಚಡ್ಡಿ ಹೊಲಿಯುವವನಾಗಿಯೇ ಉಳಿದ. 1994ರಲ್ಲಿ ಚಿತ್ರ ಶುಚಿಮಾಡಿ ಮುಗಿಸಿದಾಗ ಅವನು ಬರೆದ ಬಟ್ಟೆಗಳನ್ನು ಉಳಿಸಿಕೊಂಡು, ನಂತರದವರು ಮೆತ್ತಿದ್ದರಲ್ಲಿ ಹಲವನ್ನು ತೆಗೆದರು. ಆಗ ಪೋಪ್ ಎರಡನೇ ಜಾನ್ ಪಾಲ್ ಅದೇ ಚಾಪೆಲ್‌ನಲ್ಲಿ ಪೂಜೆ ಅರ್ಪಿಸಿ, ಇದು ಮಾನವ ದೇಹದ ದೇವಶಾಸ್ತ್ರದ ಗುಡಿ ಎಂಬರ್ಥದಲ್ಲಿ ಪ್ರಬೋಧನೆ ಮಾಡಿದರು.

ಅವರು 1979ರಿಂದ 1984ರವರೆಗೆ ಜನರನ್ನು ಕಾಣುವ ಬುಧವಾರದ ಭೇಟಿಗಳಲ್ಲಿ ಇದೇ ವಿಷಯ ಹೇಳುತ್ತಾ ಬಂದಿದ್ದರು. ದೇಹ ಒಳ್ಳೆಯದು, ಅದು ಒಬ್ಬ ವ್ಯಕ್ತಿಯನ್ನು ಹೊರಗೆ ಕಾಣಿಸುತ್ತದೆ. ಕಲೆಯಲ್ಲಿ ನಗ್ನತೆ ಬಂದರೆ, ನೋಡುವವನು ಇಡೀ ಮನುಷ್ಯನನ್ನು ಕಾಣುತ್ತಾನೋ ಅಥವಾ ಮನುಷ್ಯನನ್ನು ಬಿಟ್ಟು ಬರೀ ಮೈಯನ್ನು ಬಳಸಿಕೊಳ್ಳುತ್ತಾನೋ ಎಂಬುದು ಪ್ರಶ್ನೆ. ಕಥೊಲಿಕ ಸಭೆಯ 1992ರ ಧರ್ಮೋಪದೇಶ ಗ್ರಂಥದ 2523ನೇ ಪರಿಚ್ಛೇದವೂ ಹೀಗೇ ಇದೆ: ದೇಹಕ್ಕಿರುವ ಹಾಗೆ ಭಾವನೆಗಳಿಗೂ ಒಂದು ಸಂಕೋಚವಿದೆ, ಜಾಹೀರಾತುಗಳು ಮೈಯನ್ನು ಕದ್ದು ನೋಡುವಂತೆ ತೋರಿಸುವುದನ್ನು ಅದು ಪ್ರತಿಭಟಿಸುತ್ತದೆ. ನನಗೆ ಇದರಲ್ಲಿ ರಿಯಾಲಿಟಿ ಶೋಗಳೂ ಕಾಣುತ್ತವೆ. ಮೈತುಂಬ ಸೀರೆ ಉಟ್ಟ ತಾಯಿಯನ್ನು ವೇದಿಕೆಗೆ ಕರೆದು, ಸತ್ತ ಗಂಡನ ಮಾತೆತ್ತಿ, ಅಳುವವರೆಗೂ ಕ್ಯಾಮೆರಾ ಮುಖಕ್ಕೆ ಹತ್ತಿರ ತರುತ್ತಾರಲ್ಲ, ಅದು ಬೆತ್ತಲೆ ಮಾಡಿದ್ದಲ್ಲದೆ ಮತ್ತೇನು?

ಗೊಮ್ಮಟನನ್ನು ಯಾರೂ ಹಾಗೆ ಬಳಸಿಕೊಳ್ಳುತ್ತಿಲ್ಲ. ಅವನು ತಾನಾಗಿ ಬಿಟ್ಟವನು. ನಮ್ಮ ಯೇಸುವಿನ ಬಟ್ಟೆಯನ್ನು ಸೈನಿಕರು ಕಿತ್ತುಕೊಂಡರು, ಚೀಟಿ ಹಾಕಿ ಹಂಚಿಕೊಂಡರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯ ಹತ್ತನೇ ಸ್ಥಳದಲ್ಲಿ ನಾವು ಮೊಣಕಾಲೂರುವುದು ಇದನ್ನು ನೆನೆದೇ. ನೆರೆದ ಜನರ ನಡುವೆ ಒಬ್ಬನನ್ನು ಬಲವಂತವಾಗಿ ಬೆತ್ತಲೆ ಮಾಡಿ ನೋಡಿದ್ದು ನಮ್ಮ ನಂಬಿಕೆಯ ನಡುಮಧ್ಯದಲ್ಲೇ ಇದೆ.

ಬಳ್ಳಾರಿ ಓದುಗಿ

ಬಟ್ಟೆ ಮುಖ್ಯವಲ್ಲ ಎಂಬ ಕಡೆಗೆ ಮಾತು ವಾಲುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲ್ಜಾತಿಯವರ ಎದುರು ಎದೆ ಮುಚ್ಚುವಂತಿರಲಿಲ್ಲ. ಲಂಡನ್ ಮಿಷನ್‌ನವರ ಸಭೆಗಳಲ್ಲಿ ಕ್ರೈಸ್ತರಾದ ಹೆಂಗಸರು ಕುಪ್ಪಾಯ ಎಂಬ ರವಿಕೆ ತೊಟ್ಟುಕೊಂಡರು, ಮೇಲುಬಟ್ಟೆ ಹೊದ್ದರು. ಸಂತೆಯಲ್ಲಿ ಅದನ್ನು ಹರಿದರು, ಗುಡಿಸಲು, ಪ್ರಾರ್ಥನಾಲಯ ಸುಟ್ಟರು. ದಶಕಗಟ್ಟಲೆ ಹೋರಾಟದ ಮೇಲೆ 1859ರಲ್ಲಿ ಮೈ ಮುಚ್ಚಿಕೊಳ್ಳಲು ರಾಜಾಜ್ಞೆ ಸಿಕ್ಕಿತು, ಅದೂ ಮೇಲ್ಜಾತಿಯವರ ಹಾಗೆ ಉಡಬಾರದು ಎಂಬ ಷರತ್ತಿನ ಮೇಲೆ. ಅದೇ ಲಂಡನ್ ಮಿಷನ್ 1810ರಲ್ಲೇ ನಮ್ಮ ಬಳ್ಳಾರಿಗೂ ಬಂದದ್ದು, ಹಾಗಾಗಿ ಈ ಕಥೆ ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ.

ಆ ಹೆಂಗಸರಿಗೆ ರವಿಕೆ ಎಂದರೆ ಯಾರೋ ಹೇರಿದ ಕಟ್ಟಳೆಯಲ್ಲ, ನಾನೂ ಮನುಷ್ಯಳು ಎಂಬ ಮಾತು. ಮೈ ಮುಚ್ಚಿಕೊಳ್ಳುವ ಹಕ್ಕೂ ಆಕೆಯದ್ದೇ, ತೆರೆಯಲು ಒಲ್ಲೆ ಎನ್ನುವ ಹಕ್ಕೂ ಆಕೆಯದ್ದೇ. ಕಾಸ್ಟ್ಯೂಮ್ ಅಕ್ಕ ಹೇಳಿದ ಹುಡುಗಿಗೆ ಇಲ್ಲದಿರುವುದು ಆ ಹಕ್ಕು. ಹಾಗಾಗಿ ಕ್ವಾಯರ್ ಅಂಕಲ್ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬಟ್ಟೆ ಮುಖ್ಯವೇ. ಯಾರು ತೀರ್ಮಾನಿಸುತ್ತಾರೆ, ಯಾರಿಗಾಗಿ ಎಂಬುದು ಅದಕ್ಕಿಂತ ಮುಖ್ಯ.

ಭಾನುವಾರ ಶಾಲೆ ಟೀಚರ್, ಉಡುಪಿ

ಇದನ್ನು ಓದಿದಾಗ ನನಗೆ ವಷ್ಟಿ ರಾಣಿ ನೆನಪಾದಳು. ಎಸ್ತೇರಳ ಪುಸ್ತಕದ ಮೊದಲ ಅಧ್ಯಾಯ. ಇಂಡಿಯಾ ದೇಶ ಮೊದಲ್ಗೊಂಡು 127 ಸಂಸ್ಥಾನ ಆಳುತ್ತಿದ್ದ ಅಹಷ್ವೇರೋಷ ರಾಜ 180 ದಿನ ತನ್ನ ಐಶ್ವರ್ಯ ಮೆರೆದು, ಆಮೇಲೆ ಏಳು ದಿನದ ಔತಣ ಮಾಡಿಸಿದ. ಏಳನೇ ದಿನ ದ್ರಾಕ್ಷಾರಸ ತಲೆಗೇರಿದ್ದಾಗ, ರಾಣಿಯ ಚೆಲುವನ್ನು ನೆರೆದವರಿಗೆ ತೋರಿಸಬೇಕು, ಕಿರೀಟ ಹಾಕಿಸಿ ಕರೆತನ್ನಿ ಎಂದ. ಆಕೆ ಬರುವುದಿಲ್ಲ ಎಂದಳು. ಅಷ್ಟಕ್ಕೆ ಪಟ್ಟ ಹೋಯಿತು. ರಾಜನ ಮಂತ್ರಿಗಳಿಗೆ ಚಿಂತೆ ಏನೆಂದರೆ, ಇದನ್ನು ಕೇಳಿ ಎಲ್ಲ ಹೆಂಗಸರೂ ಗಂಡಂದಿರ ಮಾತು ಮೀರಿಯಾರು ಎಂದು.

ಭಾನುವಾರ ಶಾಲೆಯ ಪಾಠಗಳಲ್ಲಿ ನಾವು ಎಸ್ತೇರಳಿಂದ ಶುರುಮಾಡುತ್ತೇವೆ, ವಷ್ಟಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಈ ಸಲ ಮಕ್ಕಳಿಗೆ ಅವಳ ಕಥೆಯನ್ನು ಪೂರ್ತಿ ಹೇಳಿದೆ. ಐಟಂ ಹಾಡಿಗೆ ಕುಣಿಯುತ್ತಿದ್ದ ಗುಂಪಿನ ಹುಡುಗಿಯೊಬ್ಬಳು, ಟೀಚರ್, ಅವಳಿಗೆ ಆಮೇಲೆ ಏನಾಯಿತು ಎಂದು ಮತ್ತೆ ಮತ್ತೆ ಕೇಳಿದಳು. ಬೈಬಲಿನಲ್ಲಿ ಹೇಳಿಲ್ಲ ಎಂದರೆ ಅವಳಿಗೆ ಸಮಾಧಾನವಿಲ್ಲ. ಡಾನ್ಸ್ ಬದಲು ನಾಟಕ ಮಾಡೋಣವಾ ಎಂದು ಅವರೇ ಕೇಳಿದರು. ಗಂಡುಹುಡುಗರೂ ಸೇರಿದ್ದಾರೆ. ಕಮಿಟಿಗೆ ನಾಳಿದ್ದು ಬರೆದು ಕೊಡುತ್ತೇನೆ: ಹಾಡಿನ ಸಾಹಿತ್ಯ ಮೊದಲು ಓದಿ ಒಪ್ಪಬೇಕು, ಕಾರ್ಯಕ್ರಮದಲ್ಲಿ ವಿಡಿಯೊ ಒಬ್ಬರೇ ತೆಗೆಯಬೇಕು, ತಂದೆತಾಯಿ ಒಪ್ಪದೆ ಯಾವ ಮಗುವಿನ ವಿಡಿಯೊವೂ ಹೊರಗೆ ಹೋಗಬಾರದು, ಶಿಳ್ಳೆ ಹಾಕುವವರನ್ನು ಹಿರಿಯರು ಹೊರಗೆ ಕಳಿಸಬೇಕು.

ಕಾಸ್ಟ್ಯೂಮ್ ವಿಭಾಗ

ಟೀಚರ್, ಇನ್ನೊಂದು ಸೇರಿಸಿ. ಮಕ್ಕಳು ಬಟ್ಟೆ ಬದಲಿಸಲು ಚಿಲಕ ಇರುವ ಕೋಣೆ. ಎಷ್ಟೋ ಚರ್ಚ್ ಹಾಲ್‌ಗಳಲ್ಲಿ ವೇದಿಕೆ ಹಿಂದೆ ಬರೀ ಒಂದು ಪರದೆ ಇರುತ್ತದೆ, ಎಲ್ಲರೂ ಓಡಾಡುತ್ತಾರೆ. ನಾಟಕಕ್ಕೆ ರಾಣಿಯ ಉಡುಪು, ಕಿರೀಟ ಬೇಕಿದ್ದರೆ ನನ್ನ ಹತ್ತಿರ ಇವೆ, ಮಕ್ಕಳ ಅಳತೆಗೆ ಹಿಡಿಸಿಕೊಡುತ್ತೇನೆ.

ಹಳೇ ಕ್ವಾಯರ್, ಬೆಂಗಳೂರು

ಲಂಗದ ಉದ್ದದ ಮಾತನ್ನು ನಾನು ಬಿಡುವುದಿಲ್ಲ ಟೀಚರಮ್ಮ, ಅದನ್ನೂ ಪಟ್ಟಿಯಲ್ಲಿ ಇಡಿ, ಕೊನೆಯಲ್ಲಾದರೂ ಸರಿ. ಹಾಡಿನ ಸಾಹಿತ್ಯ ಮೊದಲು ಓದಬೇಕು ಎಂಬುದನ್ನು ನಮ್ಮ ಕ್ವಾಯರ್ ಮೀಟಿಂಗ್‌ನಲ್ಲಿ ನಾನೇ ಎತ್ತುತ್ತೇನೆ. ವಷ್ಟಿ ನಾಟಕದ ಸಂಭಾಷಣೆ ಬರೆದಾದ ಮೇಲೆ ಇಲ್ಲಿ ಹಾಕಿ, ಮಧ್ಯೆ ಹಾಡಲು ಎರಡು ಕೀರ್ತನೆಗೆ ರಾಗ ಹಾಕಿಕೊಡುತ್ತೇನೆ.